ಅಸಾಧ್ಯವೆನ್ನುವ ಮುನ್ನ

ಬಳ್ಳಾರಿಯ ಬ್ರೂಸ್‌ಪೇಟೆಯಂತಹ ಹಳೆಯ ಬಡಾವಣೆಯಲ್ಲಿ, ಒಂದೇ ಮನೆತನದ ಎರಡು ಮೂರು ತಲೆಮಾರುಗಳ ನಾಡಿ ಹಿಡಿದ ವೈದ್ಯನಿಗೆ, ಮನೆಯ ಹಿರಿಯರು ಅನ್ನನೀರು ಬಿಟ್ಟು ಮಲಗಿದ ದಿನ ಬರುವ ಬೇಡಿಕೆ ಸಾಮಾನ್ಯವಾಗಿ ಒಂದೇ: ‘ಡಾಕ್ಟ್ರೇ, ಒಂದು ಗ್ಲೂಕೋಸ್ ಬಾಟ್ಲಿ ಆದ್ರೂ ಏರಿಸ್ರಿ.’ ಶೇಕಡಾ 5ರ ದ್ರಾವಣದ ಆ ಅರ್ಧ ಲೀಟರಿನಲ್ಲಿ ಇರುವುದು 25 ಗ್ರಾಂ ಸಕ್ಕರೆ; ಸೋತ ದೇಹದಲ್ಲಿ ಆ ನೀರು ಕಾಲಿಗಿಳಿದು ಬಾವಾಗಬಹುದು, ಶ್ವಾಸಕೋಶದಲ್ಲಿ ನಿಂತು ಉಸಿರು ಕಟ್ಟಬಹುದು. ವೈದ್ಯನು ಇದನ್ನು ಬಲ್ಲನು. ‘ಹಡೆದವರನ್ನು ಸುಮ್ಮನೆ ಸಾಯಬಿಟ್ಟರು’ ಎಂಬ ಲೋಕಾಪವಾದದ ಭೀತಿ ಆ ಬೇಡಿಕೆಯೊಳಗೆ ಅಡಗಿರುವುದನ್ನೂ ಬಲ್ಲನು. ಆದುದರಿಂದಲೇ ಎಷ್ಟೋ ಸಲ ಏರಿಸಿಬಿಡುತ್ತಾನೆ.

ಈ ಧರ್ಮಸಂಕಟಕ್ಕೆ ಚರಕಸಂಹಿತೆ ಕೊಡುವ ಎರಡು ವಿಧಿಗಳು ಸುಲಭವಾಗಿ ಹೊಂದಿಕೊಳ್ಳವು. ಸೂತ್ರಸ್ಥಾನವು ವ್ಯಾಧಿಗಳನ್ನು ಸಾಧ್ಯ, ಕೃಚ್ಛ್ರಸಾಧ್ಯ (ಕಷ್ಟದಿಂದ ಗುಣವಾಗುವುದು), ಯಾಪ್ಯ (ಗುಣವಾಗದೆ ಹತೋಟಿಯಲ್ಲಷ್ಟೇ ಇಡಬಹುದಾದುದು), ಅಸಾಧ್ಯಗಳೆಂದು ವಿಂಗಡಿಸಿ, ಅಸಾಧ್ಯಕ್ಕೆ ಕೈಯಿಕ್ಕಿದವನಿಗೆ ಧನ, ವಿದ್ಯೆ, ಯಶಸ್ಸುಗಳ ಹಾನಿ ತಪ್ಪದೆನ್ನುತ್ತದೆ. ಇಂದ್ರಿಯಸ್ಥಾನವಾದರೋ, ಮರಣಚಿಹ್ನೆಗಳನ್ನು ಕಂಡರೂ ಕೇಳದೆ ಹೇಳಬಾರದು, ಕೇಳಿದರೂ ರೋಗಿಗಾಗಲಿ ಬಂಧುಗಳಿಗಾಗಲಿ ಆಘಾತವಾಗುವಂತಿದ್ದರೆ ನುಡಿಯಬಾರದು ಎಂದು ವೈದ್ಯನ ನಾಲಗೆಯನ್ನು ಬಿಗಿಹಿಡಿಯುತ್ತದೆ. ಮೊದಲನೆಯದರಲ್ಲಿ ವೈದ್ಯನ ಕೀರ್ತಿಯ ಚಿಂತೆ ಕೊಂಚ ಹೆಚ್ಚಾಯಿತೆಂದು, ಆಚಾರ್ಯರು ಕ್ಷಮಿಸಲಿ, ನನಗೆ ತೋರುತ್ತದೆ. ಎರಡನೆಯದು ಕರುಣೆಯಿಂದ ಹುಟ್ಟಿದ ಮೌನ. ಆದರೆ ಹೊಲ ಅಡವಿಟ್ಟು ಬೆಂಗಳೂರಿನ ಆಸ್ಪತ್ರೆಗೆ ಹೊರಟು ನಿಂತವರ ಮುಂದೆ ಆ ಮೌನವೇ ಕ್ರೌರ್ಯವಾಗಿ ಪರಿಣಮಿಸುತ್ತದೆ.

ಜೈನಪರಂಪರೆ ಇಲ್ಲಿ ಹೆಚ್ಚು ನೇರವಾದುದು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಪ್ರತೀಕಾರವಿಲ್ಲದ ರೋಗವನ್ನು ಸಲ್ಲೇಖನದ, ಎಂದರೆ ಆಹಾರವನ್ನು ಕ್ರಮೇಣ ತ್ಯಜಿಸಿ ಮರಣವನ್ನು ಎದುರುಗೊಳ್ಳುವ ವ್ರತದ, ಕಾರಣಗಳಲ್ಲೊಂದಾಗಿ ಎಣಿಸಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿದಿ ಶಾಸನಗಳು ಆ ವ್ರತಕ್ಕೆ ಸಾಕ್ಷಿ. ಗೃಹಸ್ಥರೆಲ್ಲರಿಗೂ ಅದು ಮಾರ್ಗವಲ್ಲ. ಆದರೆ ವ್ರತಿಯು ಒಂಟಿಯಾಗಿ ಸಾಯತಕ್ಕದ್ದಲ್ಲ, ಕಡೆಯವರೆಗೂ ಅವನನ್ನು ನೋಡಿಕೊಳ್ಳುವ ನಿರ್ಯಾಪಕನು ಬಳಿಯಲ್ಲಿರಬೇಕೆಂಬ ನಿಯಮವನ್ನು ಕುಟುಂಬ ವೈದ್ಯನು ಧಾರಾಳವಾಗಿ ಎರವಲು ಪಡೆಯಬಹುದು. ಒಣಗಿದ ತುಟಿಗೆ ಒದ್ದೆ ಅರಿವೆ ಒತ್ತುವುದನ್ನೂ, ಮಗ್ಗುಲು ಬದಲಿಸುವುದನ್ನೂ ಸೊಸೆಗೆ ತೋರಿಸಿಕೊಟ್ಟು, ನೋವಿಗೆ ಮದ್ದು ಬರೆದು, ‘ನಾಳೆ ಬೆಳಗ್ಗೆ ಮತ್ತೆ ಬರ್ತೀನಿ’ ಎಂದವನಿಗೆ ಮಾತ್ರ ಬಾಟಲಿ ಬೇಡವೆನ್ನುವ ಅಧಿಕಾರವುಂಟು.

ಬೇಡವೆನ್ನುವ ಹಕ್ಕನ್ನು ಕಾನೂನೂ ಈಗ ಒಪ್ಪಿದೆ. ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಘನತೆಯ ಮರಣವನ್ನು ಬದುಕುವ ಹಕ್ಕಿನ ಅಂಗವೆಂದು ಸಾರಿತು; 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಇದಕ್ಕಾಗಿ ದೀರ್ಘಕಾಲ ಹೋರಾಡಿದವರು ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು; ಆ ತೀರ್ಪನ್ನು ಜಾರಿಗೆ ತರುವ ಕರ್ನಾಟಕ ಸರ್ಕಾರದ ಸುತ್ತೋಲೆ 2025ರ ಜನವರಿಯಲ್ಲಿ ಹೊರಟಿತು. ತನಗೆ ಯಾವ ಚಿಕಿತ್ಸೆ ಬೇಡವೆಂದು ಸ್ವಸ್ಥಚಿತ್ತನು ಮುಂಗಡವಾಗಿ ಬರೆದಿಟ್ಟು, ಇಬ್ಬರು ಸಾಕ್ಷಿಗಳೆದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ಕುಟುಂಬ ವೈದ್ಯನಿದ್ದರೆ ಅದರ ಒಂದು ಪ್ರತಿ ಅವನಿಗೂ ಸಲ್ಲತಕ್ಕದ್ದು.