ದಗ್ಧರಥ

ಮೂವತ್ತು ವರ್ಷಗಳಲ್ಲಿ ಒಂದರ ಬಳಿಕ ಒಂದರಂತೆ ಮೂರು ಹಳೆಯ ಕಾರುಗಳ ಒಡೆಯನಾಗಿದ್ದ ನನಗೆ, ಅವು ನಡುದಾರಿಯಲ್ಲಿ ಒಮ್ಮೆಯೂ ಕೈಬಿಡದ ವರ್ಷವೊಂದು ನೆನಪಿಗೆ ಬಾರದು. ಸೋಮೇಶ್ವರದಿಂದ ಆಗುಂಬೆಗೆ ಏರುವ 14 ತಿರುವುಗಳ ಘಾಟಿಯಲ್ಲಿ, ವೈಶಾಖದ ಒಂದು ಮಧ್ಯಾಹ್ನ, ರೇಡಿಯೇಟರಿನ ನೀರು ಕುದಿದು, ಕೊಳವೆಯೊಳಗಣ ಪೆಟ್ರೋಲು ತಾಪದಿಂದ ಆವಿಯಾಗಿ ಎಂಜಿನ್ನು ನಿಂತುಹೋದಾಗ, ಹಿಂಗಾಲಿಗೆ ಕಲ್ಲು ಕೊಟ್ಟು, ಪೆಟ್ರೋಲು ಪಂಪಿಗೆ ಒದ್ದೆಬಟ್ಟೆ ಸುತ್ತಿ, ಅದು ತಣಿಯುವವರೆಗೆ ದಾರಿಯಂಚಿನ ಕಟ್ಟೆಯ ಮೇಲೆ ಕುಳಿತಿದ್ದೆನು. ಏಳು ತಿಂಗಳ ಹಿಂದೆ, ಮಹಾನವಮಿಯಂದು, ಇದೇ ವಾಹನಕ್ಕೆ ಅರಿಸಿನ ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ತೊಡಿಸಿ, ಬೂದುಗುಂಬಳವನ್ನೊಡೆದು, ಚಕ್ರಗಳಡಿಯಲ್ಲಿ ನಿಂಬೆಹಣ್ಣಿಟ್ಟು ಪೂಜಿಸಿದ್ದೆನಲ್ಲ. ಆ ಪೂಜೆ ಏನಾಯಿತು? ಕೆಡದಿರಲೆಂಬ ಬೇಡಿಕೆಯೇ ಪೂಜೆಯಾಗಿದ್ದರೆ, ಅದು ಅಂದು ಆ ಘಾಟಿಯಲ್ಲಿ ಸುಳ್ಳಾಯಿತೆಂದು ಒಪ್ಪಲೇಬೇಕು.

ವಾಹನದಿಂದ ವಂಚಿತರಾದವರನ್ನು ನೆನೆದರೆ ನಮಗೆ ಮೊದಲು ತೋರುವವನು ಕರ್ಣ; ಅವನ ರಥಚಕ್ರವನ್ನು ನೆಲವೇ ನುಂಗಿತು. ಆದರೆ ನನ್ನ ಚಿಂತೆಗೆ ಹೆಚ್ಚು ಒದಗಿದುದು ಕೆಡದೆ ನಡೆದ ರಥದ ವೃತ್ತಾಂತ. ಶಲ್ಯಪರ್ವದಲ್ಲಿ, ದುರ್ಯೋಧನನು ತೊಡೆಮುರಿದು ಬಿದ್ದ ಬಳಿಕ ಪಾಂಡವರು ಕೌರವರ ಪಾಳೆಯಕ್ಕೆ ಬಂದಾಗ, ಕೃಷ್ಣನು ಅರ್ಜುನನನ್ನು ಮೊದಲು ಇಳಿಯಹೇಳಿ ಅನಂತರ ತಾನಿಳಿಯುತ್ತಾನೆ. ಇಳಿದೊಡನೆ ಧ್ವಜದ ಕಪಿ ಅಂತರ್ಧಾನವಾಗಿ, ಕುದುರೆ ನೊಗಗಳ ಸಹಿತ ರಥವು ಉರಿದು ಭಸ್ಮವಾಗುತ್ತದೆ. ದ್ರೋಣ ಕರ್ಣರ ಅಸ್ತ್ರಗಳಿಂದ ಅದು ಎಂದೋ ದಗ್ಧವಾಗಿತ್ತೆಂದೂ, ತಾನು ಕುಳಿತಿದ್ದುದರಿಂದ ಮಾತ್ರ ಉಳಿದಿತ್ತೆಂದೂ ಕೃಷ್ಣನೇ ತಿಳಿಸುತ್ತಾನೆ. ತಾನೇರಿದುದು ಸುಟ್ಟ ರಥವೆಂಬ ಅರಿವು ಆ ಮಹಾರಥನಿಗೇ ಇರಲಿಲ್ಲ!

ಕೆಡದೆ ಸಾಗಿದ ದಿನಗಳನ್ನು ವಾಹನದ ಸಹಜಗುಣವೆಂದು ಮರೆತು, ಕೆಟ್ಟ ದಿನವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇವೆ. ಸವೆದ ಬೆಲ್ಟು, ಬಿರಿದ ಕೊಳವೆ, ಸುಟ್ಟ ಪಾಯಿಂಟುಗಳನ್ನು ಹೊತ್ತೂ ಆ ಕಾರು ಮಕ್ಕಳನ್ನು ಶಾಲೆಗೆ, ತಾಯಿಯನ್ನು ಆಸ್ಪತ್ರೆಗೆ ಮುಟ್ಟಿಸಿದ ನೂರಾರು ದಿನಗಳಿದ್ದುವು. ಆಯುಧಪೂಜೆ ಸಲ್ಲತಕ್ಕುದು ಆ ದಿನಗಳಿಗೆ, ಮುಂದಿನ ಭರವಸೆಗಲ್ಲವೆಂಬುದು ನನ್ನ ದೃಢವಾದ ನಿಶ್ಚಯ.

ಅಂದು ಬಸ್ಸೊಂದು ನಿಂತಿತು. ಚಾಲಕನಿಳಿದು, ತಾನು ಕುಡಿಯಲೆಂದು ತಂದಿದ್ದ ನೀರನ್ನೇ ತಣಿದ ರೇಡಿಯೇಟರಿಗೆ ಸುರಿದು, ಮಾತಿಗೂ ನಿಲ್ಲದೆ ಹೊರಟುಹೋದನು. ಅವನ ಹೆಸರನ್ನೂ ನಾನು ಕೇಳಲಿಲ್ಲ. ಅಂದಿನಿಂದ ನನ್ನ ಕಾರಿನಲ್ಲಿ ಸದಾ ಎರಡು ಕ್ಯಾನು ನೀರಿರುತ್ತದೆ: ಒಂದು ನನಗೆ, ಇನ್ನೊಂದು ದಾರಿಯಲ್ಲಿ ನಿಂತವರಿಗೆ.