42ಎ ಎಂಬ ಧಾತು ಏಕಿಲ್ಲ?

ನವಿ ಮುಂಬೈಯ ಸೀವುಡ್ಸ್‌ನಲ್ಲಿ ಸೆಕ್ಟರ್ 42 ಇದೆ, 42ಎ ಕೂಡ ಇದೆ. ನಗರ ಯೋಜನಾ ಸಂಸ್ಥೆ ಸಿಡ್ಕೊ ಕಟ್ಟಿದ ಊರಿನಲ್ಲಿ ಎರಡು ಅಂಕಿಗಳ ನಡುವೆ ಇನ್ನೊಂದು ಸೆಕ್ಟರನ್ನು ಕೂರಿಸಲು ಅಡ್ಡಿಯಿಲ್ಲ; ಆ ಸಂಖ್ಯೆ ವಿಳಾಸ ಹುಡುಕುವವರ ಅನುಕೂಲಕ್ಕೆ ಕೊಟ್ಟದ್ದು. 42ನ್ನು ಎಷ್ಟು ಸುತ್ತಿದರೂ 44ರಲ್ಲಿ ಏನಿದೆ ಎಂದು ಹೇಳಲಾಗದು. ಶಾಲಾ ಪುಸ್ತಕದ ಆವರ್ತಕ ಕೋಷ್ಟಕವೂ ಮೇಲ್ನೋಟಕ್ಕೆ ಸಂಖ್ಯೆ ಹಚ್ಚಿದ ಮನೆಗಳ ಸಾಲೇ: 42 ಮಾಲಿಬ್ಡಿನಮ್, 43 ಟೆಕ್ನೀಶಿಯಮ್, 44 ರುಥೇನಿಯಮ್. ಆದರೆ ಅಲ್ಲಿ 42ಎಗೆ ಜಾಗವಿಲ್ಲ. ಈ ಅಂತರಕ್ಕೆ ನಮ್ಮ ನೈಯಾಯಿಕರಲ್ಲಿ, ಅಂದರೆ ನ್ಯಾಯದರ್ಶನದವರಲ್ಲಿ, ಹೆಸರಿದೆ. ವಸ್ತುಗಳಲ್ಲೇ ನೆಲೆಸಿರುವ ಸಾಮಾನ್ಯ ಧರ್ಮ 'ಜಾತಿ' (ಸಮಾಜದ ಜಾತಿಯ ಮಾತಲ್ಲ ಇದು). ಹೊರಗಿನಿಂದ ಕೂಡಿಕೊಂಡ ಗುರುತು 'ಉಪಾಧಿ'. ಹಸುವಿನ ಹಸುತನ ಜಾತಿ, ಒಬ್ಬ ಅಡುಗೆಯವನಾಗಿರುವುದು ಉಪಾಧಿ. ಸೆಕ್ಟರ್ ಸಂಖ್ಯೆ ಉಪಾಧಿ, ಧಾತುವಿನ ಸಂಖ್ಯೆ ಜಾತಿಯನ್ನೇ ಹೇಳುತ್ತದೆ ಎಂಬುದು ನನ್ನ ವಾದ.

ಹಾಗೆನ್ನಲು ಆಧಾರ, ಕೋಷ್ಟಕದ ಖಾಲಿ ಮನೆಗಳು. 1869ರಲ್ಲಿ ಧಾತುಗಳನ್ನು ತೂಕದ ಸಾಲಿನಲ್ಲಿ ಜೋಡಿಸಿದ ರಷ್ಯದ ರಸಾಯನಶಾಸ್ತ್ರಜ್ಞ ಮೆಂಡಲೀವ್, ಗುಣ ಹೊಂದದ ಕಡೆ ಜಾಗ ಬಿಟ್ಟರು. ಆ ಕಾಣದ ಧಾತುಗಳ ಹೆಸರಿಗೆ ಅವರು ಆರಿಸಿದ್ದು ಸಂಸ್ಕೃತದ 'ಏಕ'. ಏಕ-ಅಲ್ಯೂಮಿನಿಯಮ್ 1875ರಲ್ಲಿ ಗ್ಯಾಲಿಯಮ್ ಆಗಿ ಸಿಕ್ಕಿತು. ಕಂಡುಹಿಡಿದವರು ಅಳೆದ ಸಾಂದ್ರತೆ 4.7; ಸುಮಾರು 5.9 ಇರಬೇಕೆಂದು ಮೆಂಡಲೀವ್ ಪಟ್ಟು ಹಿಡಿದರು. ಲೋಹವನ್ನು ಶುದ್ಧಿಮಾಡಿ ಮತ್ತೆ ಅಳೆದಾಗ ಬಂದದ್ದು 5.9. ಏಕ-ಮ್ಯಾಂಗನೀಸ್, ಅಂದರೆ 43, ಮಾತ್ರ 1937ರವರೆಗೂ ಕೈಗೆ ಸಿಗಲಿಲ್ಲ.

ಕೋಷ್ಟಕ ಮನುಷ್ಯರು ಬರೆದದ್ದೇ ತಾನೆ ಎನ್ನಬಹುದು. ಸುರುಳಿಯಾಗಿ ಬರೆದವರೂ ಇದ್ದಾರೆ. ಜಲಜನಕವನ್ನು ಎಲ್ಲಿ ಕೂರಿಸಬೇಕೆಂಬ ತಕರಾರು ಇನ್ನೂ ತೀರಿಲ್ಲ. ಚಿತ್ರ ನಮ್ಮದೆಂದು ಒಪ್ಪೋಣ, ಆದರೆ ಸರತಿ ನಮ್ಮ ಕೈಯಲ್ಲಿಲ್ಲ. ಇನ್ನೂ ಗಟ್ಟಿಯಾದ ಆಕ್ಷೇಪ ತೂಕದ್ದು: ಟೆಲ್ಯೂರಿಯಮ್ (127.6) ಅಯೋಡಿನ್‌ಗಿಂತ (126.9) ಭಾರವಾದರೂ ಮೊದಲು ಬರುತ್ತದೆ. ತೂಕ ಅಳೆದದ್ದೇ ತಪ್ಪಿರಬೇಕೆಂದು ಮೆಂಡಲೀವ್ ಊಹಿಸಿದರು. ಊಹೆ ತಪ್ಪಾಗಿತ್ತು, ಇಟ್ಟ ಜಾಗ ಸರಿಯಾಗಿತ್ತು. 1913ರಲ್ಲಿ ಭೌತವಿಜ್ಞಾನಿ ಮೋಸ್ಲಿ ಕ್ಷಕಿರಣಗಳಿಂದ ತೋರಿಸಿದಂತೆ ಸಾಲನ್ನು ನಿರ್ಧರಿಸುವುದು ನ್ಯೂಕ್ಲಿಯಸ್ಸಿನ ವಿದ್ಯುದಂಶ, ಅಂದರೆ ಪ್ರೋಟಾನ್‌ಗಳ ಎಣಿಕೆ. ಅರ್ಧ ಪ್ರೋಟಾನ್ ಎಂಬುದಿಲ್ಲ. ಆದ್ದರಿಂದಲೇ 42ಎ ಇಲ್ಲ.

ಒಂದೇ ಧಾತುವಿನ, ತೂಕ ಬೇರೆಯಾದ ಐಸೋಟೋಪುಗಳನ್ನೇ 42ಎ, 42ಬಿ ಎನ್ನಬಾರದೇಕೆ? ಉತ್ತರ ಸೀವುಡ್ಸ್‌ನಿಂದ ರೈಲಿನಲ್ಲಿ ನಾಲ್ಕು ಸ್ಟೇಷನ್ ಆಚೆ, ವಾಶಿಯಲ್ಲಿದೆ. ವಿಕಿರಣ ಮತ್ತು ಐಸೋಟೋಪ್ ತಂತ್ರಜ್ಞಾನದ ಸರ್ಕಾರಿ ಸಂಸ್ಥೆಯಾದ ಅಲ್ಲಿನ ಬ್ರಿಟ್ ಆಸ್ಪತ್ರೆಗಳಿಗೆ ಟೆಕ್ನೀಶಿಯಮ್ ಜನರೇಟರ್ ಒದಗಿಸುತ್ತದೆ. ಒಳಗೊಂದು ಪುಟ್ಟ ಅಲ್ಯೂಮಿನಾ ಕಾಲಮ್, ಅದಕ್ಕೆ ಅಂಟಿಕೊಂಡ ಮಾಲಿಬ್ಡಿನಮ್-99. ತೂಕ ಏನೇ ಇರಲಿ, ರಸಾಯನದಲ್ಲಿ ಅದು ಮಾಲಿಬ್ಡಿನಮ್ಮೇ. ಆದರೆ ಅದರ ಒಂದು ನ್ಯೂಟ್ರಾನ್ ಪ್ರೋಟಾನ್ ಆದ ಕ್ಷಣ ಅದು ಟೆಕ್ನೀಶಿಯಮ್-99. ತೂಕದ ಅಂಕಿ ಹಾಗೇ ಉಳಿದು ಸ್ವಭಾವ ಬದಲಾಗುತ್ತದೆ. ಮೇಲಿನಿಂದ ಸಲೈನ್ ಹಾಯಿಸಿದರೆ 42 ಹಿಡಿದು ಕೂರುತ್ತದೆ, 43 ತೊಳೆದುಕೊಂಡು ಸೀಸೆಗೆ ಇಳಿಯುತ್ತದೆ. ಹಸು ಕರೆದಂತೆ ಎನ್ನುತ್ತಾರೆ. ಕರೆದದ್ದು ಆರು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಅಷ್ಟರಲ್ಲಿ ರೋಗಿಯ ಮೂಳೆಯ ಸ್ಕ್ಯಾನ್ ಮುಗಿಯಬೇಕು. ಮರುದಿನ ಬೆಳಗ್ಗೆ ಅದೇ ಕಾಲಮ್ಮಿನಲ್ಲಿ ಮತ್ತಷ್ಟು 43 ತುಂಬಿರುತ್ತದೆ.