ಕೀಲಿಕೈ ಯಾರ ಕೈಗೆ?

2024ರ ಗುಡ್ ಫ್ರೈಡೇ ರಾತ್ರಿ ಊಟ ಮುಗಿಸಿ ಡೊಂಬಿವಲಿಯ ಮನೆಯಲ್ಲಿ ಹಾಸಿಗೆ ಬಿಡಿಸುತ್ತಿದ್ದೆ. ಆಫೀಸಿನ ಗುಂಪಿಗೆ ಒಂದು ಸಾಲು ಬಂತು: ಎಲ್ಲ ಸರ್ವರ್‌ಗಳಲ್ಲೂ ಎಕ್ಸ್‌ಜೆಡ್‌ನ ಯಾವ ಆವೃತ್ತಿ ಇದೆ, ಈಗಲೇ ನೋಡಿ. ಐರೋಲಿಯ ಒಂದು ಕಂಪನಿಯಲ್ಲಿ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಮಗು ಏಳದಿರಲಿ ಎಂದು ಲ್ಯಾಪ್‌ಟಾಪನ್ನು ಅಡುಗೆಮನೆಗೆ ಒಯ್ದು, ಕಟ್ಟೆಯ ಮೇಲಿಟ್ಟು, ನಿಂತುಕೊಂಡೇ ಒಂದೊಂದಾಗಿ ನೋಡಿದೆ. 5.6.0 ಅಥವಾ 5.6.1 ಕಂಡರೆ ಅಪಾಯ. ನಮ್ಮಲ್ಲಿದ್ದದ್ದೆಲ್ಲ 5.2ರ ಹಳೆಯ ಸರಕು. ಹೊಸದನ್ನು ಹಾಕಿಕೊಳ್ಳಲು ಸೋಮಾರಿತನ ಮಾಡಿದ್ದೇ ಆ ರಾತ್ರಿ ನಮ್ಮನ್ನು ಕಾಪಾಡಿತ್ತು. ಅದನ್ನು ಮ್ಯಾನೇಜರ್ ಬಳಿ ಹೇಳಲಿಲ್ಲ.

ಎಕ್ಸ್‌ಜೆಡ್ ಎಂಬುದು ಕಡತಗಳನ್ನು ಹಿಂಡಿ ಚಿಕ್ಕದಾಗಿಸುವ ತಂತ್ರಾಂಶ. ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇರುತ್ತದೆ. ಮನೆಯ ಸಿಂಕಿನ ಕೆಳಗಿನ ಕೊಳವೆಯ ಹಾಗೆ, ಸೋರುವ ತನಕ ಅದರ ನೆನಪು ಯಾರಿಗೂ ಆಗುವುದಿಲ್ಲ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಬೇರೇನೋ ಪರೀಕ್ಷೆ ಮಾಡುತ್ತಿದ್ದಾಗ, ದೂರದ ಯಂತ್ರಕ್ಕೆ ಲಾಗಿನ್ ಆಗಲು ಮಾಮೂಲಿಗಿಂತ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಆ ಅರ್ಧ ಸೆಕೆಂಡಿನ ಬೆನ್ನು ಹತ್ತಿ ಹೋದರೆ, ಎಕ್ಸ್‌ಜೆಡ್‌ನ ಹೊಸ ಆವೃತ್ತಿಯಲ್ಲಿ ಯಾರೋ ಹಿಂಬಾಗಿಲು ಕೊರೆದಿಟ್ಟಿದ್ದರು. ಅದರ ಗುಟ್ಟು ಬಲ್ಲವನು ಜಗತ್ತಿನ ಅಸಂಖ್ಯ ಸರ್ವರ್‌ಗಳೊಳಗೆ ಬೀಗ ಮುರಿಯದೆ ನುಗ್ಗಬಹುದಿತ್ತು. ದೊಡ್ಡ ವಿತರಣೆಗಳ ಸ್ಥಿರ ಆವೃತ್ತಿಗಳಿಗೆ ಅದು ತಲುಪುವ ಮೊದಲೇ ಸಿಕ್ಕಿಬಿದ್ದದ್ದು ನಮ್ಮೆಲ್ಲರ ಪುಣ್ಯ.

ನನ್ನ ನಿದ್ದೆ ಕೆಡಿಸಿದ್ದು ಹಿಂಬಾಗಿಲಲ್ಲ, ಅದನ್ನು ಇಟ್ಟವನು ಮನೆಯೊಳಗೆ ಬಂದ ದಾರಿ.

ಎಕ್ಸ್‌ಜೆಡ್ ಅನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರು ಫಿನ್‌ಲೆಂಡಿನ ಲಾಸ್ಸೆ ಕಾಲಿನ್. ಸಂಬಳವಿಲ್ಲ, ಕೆಲಸ ಮುಗಿದ ಮೇಲಿನ ಹೊತ್ತಿನ ಹವ್ಯಾಸ. 2021ರ ಸುಮಾರಿಗೆ ಜಿಯಾ ಟಾನ್ ಎಂಬ ಹೆಸರಿನವನೊಬ್ಬ ಸಣ್ಣಪುಟ್ಟ ತಿದ್ದುಪಡಿಗಳನ್ನು ಕಳಿಸತೊಡಗಿದ. ವಿನಯವಂತ, ಕೆಲಸಗಾರ. 2022ರಲ್ಲಿ ಬೇರೆ ಕೆಲವು ಹೆಸರುಗಳು ಕಾಣಿಸಿಕೊಂಡು, ಕೆಲಸ ಯಾಕೆ ನಿಧಾನ, ನಿಮಗೆ ಆಸಕ್ತಿ ಹೋಗಿದೆ, ಬೇರೆಯವರಿಗೆ ವಹಿಸಿಬಿಡಿ ಎಂದು ಕಾಲಿನ್ ಅವರನ್ನು ಮತ್ತೆ ಮತ್ತೆ ಕುಕ್ಕಿದವು. ಅದರಲ್ಲೊಂದು ಹೆಸರು ಜಿಗರ್ ಕುಮಾರ್. ಘಾಟ್ಕೋಪರಿನ ಯಾವ ಕಟ್ಟಡದ ಹೆಸರಿನ ಪಟ್ಟಿಯಲ್ಲೂ ಸಿಗಬಹುದಾದ ಹೆಸರು! ಈ ಹೆಸರುಗಳೆಲ್ಲ ಒತ್ತಡ ಹಾಕಲೆಂದೇ ಹುಟ್ಟಿಸಿದ ಸುಳ್ಳು ಹೆಸರುಗಳು ಎಂದು ಈಗ ಬಲ್ಲವರು ನಂಬುತ್ತಾರೆ. ತನಗೆ ಬಹುಕಾಲದಿಂದ ಮಾನಸಿಕ ಆರೋಗ್ಯದ ತೊಂದರೆ ಇದೆ, ಇದು ಕೂಲಿಯಿಲ್ಲದ ಹವ್ಯಾಸ ಎಂಬುದನ್ನು ಮರೆಯಬೇಡಿ ಎಂದು ಕಾಲಿನ್ ಉತ್ತರಿಸಿದರು. ಕ್ರಮೇಣ ಕೀಲಿಕೈ ಜಿಯಾ ಟಾನ್‌ನ ಕೈ ಸೇರಿತು. ಅವನು ಯಾರು, ಒಬ್ಬನೋ ಹಲವರೋ, ಈವರೆಗೂ ಬಯಲಾಗಿಲ್ಲ.

ಆ ಹಳೆಯ ಪತ್ರಗಳನ್ನು ಓದುತ್ತಿದ್ದಾಗ ನನ್ನ ಕಿವಿ ಬಿಸಿಯಾಯಿತು. ಆ ಸುಳ್ಳು ಹೆಸರುಗಳ ದನಿ ನನಗೆ ಪರಿಚಿತವಾಗಿತ್ತು.

ಅದಕ್ಕೆ ಎರಡು ವರ್ಷ ಮೊದಲು ನಮ್ಮ ಬ್ಯಾಕಪ್ ವ್ಯವಸ್ಥೆ ಆತುಕೊಂಡಿದ್ದ ಒಂದು ಪುಟ್ಟ ಪ್ಯಾಕೇಜಿನಲ್ಲಿ ದೋಷವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಯಾವುದೋ ದೇಶದ, ನಾನು ಮುಖ ನೋಡಿರದ ಒಬ್ಬ ಮನುಷ್ಯ. ಮೂರು ರಾತ್ರಿ ನಿದ್ದೆಗೆಟ್ಟಿದ್ದ ನಾನು ಹೀಗೆ ಬರೆದಿದ್ದೆ: ಎರಡು ತಿಂಗಳಾಯಿತು, ಇದು ಹಾಗೇ ಬಿದ್ದಿದೆ, ನಿಮ್ಮಿಂದ ಆಗದಿದ್ದರೆ ಆಗುವವರಿಗೆ ಬಿಟ್ಟುಕೊಡಿ. ಅವನು ಎರಡೇ ಸಾಲಿನಲ್ಲಿ ಉತ್ತರಿಸಿದ. ಮನೆಯಲ್ಲಿ ಎಳೆಯ ಮಗು, ವಾರಾಂತ್ಯದಲ್ಲಿ ಮಾತ್ರ ಸಮಯ. ತಿದ್ದುಪಡಿ ಕಳಿಸಿದರೆ ಸಂತೋಷ. ನಾನು ಕಳಿಸಲಿಲ್ಲ. ಉತ್ತರವನ್ನೂ ಬರೆಯಲಿಲ್ಲ. ನಮ್ಮ ಸರ್ವರ್‌ಗಳಲ್ಲಿ ಮಾತ್ರ ಹೇಗೋ ತೇಪೆ ಹಾಕಿಕೊಂಡು ಕೈ ತೊಳೆದುಕೊಂಡೆ. ಆ ಹೊತ್ತಿಗೆ ಯಾರಾದರೂ ಜಿಯಾ ಟಾನ್ ಅವನ ಬಾಗಿಲು ತಟ್ಟುತ್ತಿದ್ದರೆ, ಒಳಗಿನಿಂದ ತಳ್ಳಿಕೊಟ್ಟವರಲ್ಲಿ ನಾನೂ ಒಬ್ಬನಾಗುತ್ತಿದ್ದೆ. ಕೂಲಿಯಿಲ್ಲದೆ, ದುರುದ್ದೇಶವೂ ಇಲ್ಲದೆ.

ಬಿಟ್ಟಿಯಾಗಿ ಕೊಡುವವನು ನಮಗೆ ಏನಾದರೂ ಬಾಕಿ ಇದ್ದಾನೆಯೇ? ಮುಕ್ತ ತಂತ್ರಾಂಶದ ಪರವಾನಗಿಗಳು ಸಾಮಾನ್ಯವಾಗಿ ಸ್ಪಷ್ಟವಾಗಿ ಹೇಳುತ್ತವೆ: ಇದು ಇದ್ದ ಹಾಗೆ ಕೊಟ್ಟದ್ದು, ಯಾವ ಖಾತರಿಯೂ ಇಲ್ಲ. ಕಾನೂನಿಗೆ ಅಷ್ಟು ಸಾಕು. ನಮ್ಮ ಋಣದ ಲೆಕ್ಕದಲ್ಲೂ ಪಡೆದವನು ಕೊಟ್ಟವನಿಗೆ ಋಣಿ. ಆದರೆ ನಡೆಯುವುದು ತಲೆಕೆಳಗು. ಕೊಟ್ಟವನೇ ಕಟ್ಟಿಗೆ ಬೀಳುತ್ತಾನೆ. ಊರ ಹೊರಗೆ ಒಬ್ಬ ಅರವಟ್ಟಿಗೆ ಇಟ್ಟ ಎನ್ನಿ. ನಾಲ್ಕು ಬೇಸಿಗೆ ಕಳೆದ ಮೇಲೆ ಜನ ಮನೆಯಿಂದ ನೀರು ತರುವುದನ್ನೇ ಬಿಡುತ್ತಾರೆ. ಐದನೆಯ ಬೇಸಿಗೆಯ ನಡುವೆ ಅವನು ಮುಚ್ಚಿದರೆ ಬಾಯಾರಿದವನ ದೂರಿನಲ್ಲಿ ಸ್ವಲ್ಪ ನ್ಯಾಯ ಇದೆ, ಯಾಕೆಂದರೆ ಅವನು ನಂಬಿ ನಡೆದಿದ್ದ. ಹಾಗೆಂದು ಅರವಟ್ಟಿಗೆಯವನು ಸಾಯುವ ತನಕ ಕೊಡ ಹೊರಬೇಕೇ? ನನಗೆ ಹಾಗನ್ನಿಸುವುದಿಲ್ಲ. ಬಿಡುವ ಹಕ್ಕು ಅವನಿಗೆ ಪೂರ್ತಿ ಇದೆ.

ಆದರೆ ಮುಚ್ಚುವುದು ಬೇರೆ, ಕುಡಿಯುತ್ತಿದ್ದವನ ಕೈಯ ಲೋಟ ಕಸಿಯುವುದು ಬೇರೆ. 2016ರ ಮಾರ್ಚಿನಲ್ಲಿ ಒಬ್ಬ ಪ್ರೋಗ್ರಾಮರ್ ಹೆಸರಿನ ಜಗಳವೊಂದರಲ್ಲಿ ಸಿಟ್ಟಾಗಿ ತನ್ನ ಎಲ್ಲ ಪ್ಯಾಕೇಜುಗಳನ್ನೂ ಹಿಂತೆಗೆದುಕೊಂಡ. ಅದರಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನದೂ ಒಂದು. ಅದನ್ನು ನಂಬಿದ್ದ ದೊಡ್ಡ ದೊಡ್ಡವರ ಕೆಲಸ ನಿಂತುಹೋಗಿ, ಕೊನೆಗೆ ಉಗ್ರಾಣದ ಒಡೆಯರೇ ಅದನ್ನು ಹಿಂದಕ್ಕೆ ತಂದಿಟ್ಟರು. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ, ಮಾಡಿದ್ದು ಒಪ್ಪಿಗೆಯಾಗುವುದಿಲ್ಲ.

ಇದರಲ್ಲಿ ಡೆಬಿಯನ್‌ನವರ ರೀತಿ ನನಗೆ ಮೆಚ್ಚುಗೆ. ಅಲ್ಲಿ ಪ್ಯಾಕೇಜನ್ನು ನೋಡಿಕೊಳ್ಳಲು ಆಗದವನು ಸಂಕೋಚವಿಲ್ಲದೆ ಹೇಳಬಹುದು. ಇನ್ನೂ ಕೈಯಲ್ಲಿಟ್ಟುಕೊಂಡೇ ದತ್ತು ಪಡೆಯುವವರು ಬೇಕು ಎನ್ನಬಹುದು, ಇಲ್ಲವೇ ಪೂರ್ತಿ ಬಿಟ್ಟುಬಿಡಬಹುದು. ಬಿಟ್ಟದ್ದನ್ನು ಅವರು ಅನಾಥ ಎಂದೇ ಕರೆಯುತ್ತಾರೆ. ಎಲ್ಲರೂ ನೋಡುವ ಪಟ್ಟಿಯೊಂದಿದೆ. ಯಾರೂ ಬಾರದಿದ್ದರೆ ಗುಣಮಟ್ಟ ನೋಡುವ ಸಾಮೂಹಿಕ ತಂಡದ ಹೆಸರಿಗೆ ಅದು ಹೋಗುತ್ತದೆ. ಬಿಡುವುದನ್ನು ಅವಮಾನವಲ್ಲದ ಹಾಗೆ ಮಾಡಿಟ್ಟಿದ್ದಾರೆ. ನಮ್ಮ ಕನ್ನಡದ ಗುಬ್ಬಿ, ನವಿಲು ಎಂಬ ಅಕ್ಷರಶೈಲಿಗಳೂ ಡೆಬಿಯನ್ ಪ್ಯಾಕೇಜುಗಳಾಗಿ ಸಿಗುತ್ತವೆ. ಯಾರೋ ತಮ್ಮ ಸಮಯ ಕೊಟ್ಟು ಅಕ್ಷರ ಬರೆದರು, ಇನ್ಯಾರೋ ಅದನ್ನು ಕಟ್ಟಿ ಒಳಗಿಟ್ಟರು. ನೀವು ಇದನ್ನು ಓದುತ್ತಿರುವುದು ಕ್ರೋಮ್, ಫೈರ್‌ಫಾಕ್ಸ್ ಅಥವಾ ಆಂಡ್ರಾಯ್ಡ್ ಫೋನಿನಲ್ಲಾದರೆ, ಒತ್ತಕ್ಷರವನ್ನು ಅದರ ಜಾಗದಲ್ಲಿ ಕೂರಿಸಿ ‘ಕಾರ್ಯ’ದ ಅರ್ಕಾವತ್ತನ್ನು ಬಲಕ್ಕೆ ಒಯ್ದಿಡುವುದು ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ‘ರ‍್ಯಾಂಕ್’ ಬರೆಯಲು ನಡುವೆ ಒಂದು ಕಣ್ಣಿಗೆ ಕಾಣದ ಅಕ್ಷರ ಬೇಕು. ಅದನ್ನು ಅರ್ಥ ಮಾಡಿಕೊಳ್ಳುವುದೂ ಅದೇ. ಕನ್ನಡ ಉಳಿಸಿ ಎಂದು ವೇದಿಕೆ ಹತ್ತುವ ನಮಗೆ ಅದರ ಹೆಸರೂ ಗೊತ್ತಿರುವುದಿಲ್ಲ. ನನಗೂ ಗೊತ್ತಾದದ್ದು ಅಕ್ಷರ ಒಡೆದು ಕಂಡ ಒಂದು ದಿನ.

ದುಡ್ಡಿನ ಮಾತು ಬಂದೇ ಬರುತ್ತದೆ. 2014ರ ಏಪ್ರಿಲಿನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾದಾಗ, ಅರ್ಧ ಜಗತ್ತಿನ ಹಣಕಾಸಿನ ಗುಟ್ಟು ಕಾಯುವ ಓಪನ್‌ಎಸ್‌ಎಸ್‌ಎಲ್‌ಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2000 ಡಾಲರ್ ಎಂದು ತಿಳಿದು ದೊಡ್ಡ ಕಂಪನಿಗಳು ನಾಚಿ ಚೀಲ ಬಿಚ್ಚಿದವು. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಝೆರೋಧಾ ಇಂಥ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕೊಡುವ ನಿಧಿ ಸಾರಿತು. ಒಳ್ಳೆಯದೇ. ಆದರೆ ದುಡ್ಡು ಕೊಟ್ಟವನು ಮತ್ತೂ ಜೋರಾಗಿ ಕುಕ್ಕುವುದನ್ನು ನಾನು ಕಂಡಿದ್ದೇನೆ. ಮುಂಬಯಿಯ ಹಳೆಯ ಪೇಟೆಗಳಲ್ಲಿ ಕಲ್ಲಿನ ಪ್ಯಾವುಗಳಿವೆ, ದಾರಿಹೋಕರಿಗೆ ನೀರಿಗೆಂದು ಸೇಠ್‌ಗಳು ಕಟ್ಟಿಸಿದ್ದು. ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿದೆ. ಅದನ್ನು ದಿನವೂ ತಿಕ್ಕಿ ತೊಳೆದವನ ಹೆಸರನ್ನು ನಾನು ಯಾವ ಕಲ್ಲಿನ ಮೇಲೂ ನೋಡಿಲ್ಲ. ಎಷ್ಟೋ ಪ್ಯಾವುಗಳು ಒಣಗಿ ನಿಂತಿವೆ.

ಉಪನಗರದ ಒಂದು ಕನ್ನಡ ಸಂಘದಲ್ಲಿ ನಾನು ಸದಸ್ಯ. ಎರಡು ಕಪಾಟು ಪುಸ್ತಕ. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಪ್ರತಿ ಶನಿವಾರ ಸಂಜೆ ಬಂದು ಬೀಗ ತೆಗೆದು ಎರಡು ಗಂಟೆ ಕೂರುತ್ತಿದ್ದರು. ವಾರ್ಷಿಕ ಸಭೆಯಲ್ಲಿ, ಲೈಬ್ರರಿಯ ಕಡೆ ಒಂದು ದಿನವೂ ತಲೆಹಾಕದ ಒಬ್ಬರು ಎದ್ದು, ಭಾನುವಾರ ಯಾಕೆ ತೆಗೆಯುವುದಿಲ್ಲ, ಇದೇನು ಸ್ವಂತ ಆಸ್ತಿಯೇ ಎಂದರು. ಹಿರಿಯರು ಮಾತಾಡಲಿಲ್ಲ. ಜೇಬಿನಿಂದ ಕೀಲಿಕೈ ತೆಗೆದು ಅಧ್ಯಕ್ಷರ ಮೇಜಿನ ಮೇಲಿಟ್ಟು, ಬೇಕಾದವರು ತಗೊಳ್ಳಿ ಎಂದರು. ಮೂವತ್ತು ಜನ ಇದ್ದೆವು. ಯಾರೋ ಕೆಮ್ಮಿದರು. ಅಧ್ಯಕ್ಷರು ಚಹಾ ಬಂದಿದೆ ಎಂದರು. ಸ್ವಲ್ಪ ಹೊತ್ತು ಕಾದು ಅವರು ಕೀಲಿಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಆ ಹೊತ್ತಿನಲ್ಲಿ ನಯವಾದ ಅಪರಿಚಿತನೊಬ್ಬ ಹಿಂದಿನ ಸಾಲಿನಿಂದ ಎದ್ದು ನಾನು ತೆಗೆದುಕೊಳ್ಳುತ್ತೇನೆ ಎಂದಿದ್ದರೆ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಊರು, ಕೇರಿ ಕೇಳುತ್ತಿರಲಿಲ್ಲ. ಕಾಲಿನ್ ಮೋಸ ಹೋದರು ಎಂದು ಹೇಳುವವರಿದ್ದಾರೆ. ಆದರೆ ಕೈ ಚಾಚಿದವನು ಅವನೊಬ್ಬನೇ ಆಗಿದ್ದಾಗ ಆಯ್ದುಕೊಳ್ಳಲು ಇನ್ಯಾರಿದ್ದರು? ಯೋಗ್ಯನಿಗೆ ಒಪ್ಪಿಸುವುದು ಬಿಡುವವನ ಕರ್ತವ್ಯ ಎನ್ನುವುದು ಸುಲಭ. ಯೋಗ್ಯರು ಎದುರಿಗೆ ಸಾಲಾಗಿ ಕೂತು ಚಹಾ ಕುಡಿಯುತ್ತಿದ್ದರೆ ಅವನು ಏನು ಮಾಡಬೇಕು? ಆ ಸಾಲಿನಲ್ಲಿ ನನ್ನ ಕುರ್ಚಿಯೂ ಇತ್ತು.

ಈಗ ತಿಂಗಳಿಗೆ ಎರಡು ಶನಿವಾರ ಲೈಬ್ರರಿಗೆ ನಾನು ಹೋಗುತ್ತೇನೆ. ಮೊದಲ ದಿನ ಹಿರಿಯರು ಕೀಲಿಕೈ ಕೊಡಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ರಿಜಿಸ್ಟರ್ ಬರೆಯುವುದನ್ನು ತೋರಿಸಿದರು. ಕೊಟ್ಟದ್ದು ಐದನೇ ತಿಂಗಳಿಗೆ. ತಡ ಮಾಡಿದ್ದು ಸರಿಯೇ.

ಮೊನ್ನೆ ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್ ಇತ್ತು. ಹಳಿ ರಿಪೇರಿಗೆ ಗಾಡಿ ನಿಲ್ಲಿಸಿದರೆ ನಾವು ಬೈಯುತ್ತೇವೆ, ನಿಲ್ಲಿಸದೆ ಹಳಿ ತಪ್ಪಿದರೆ ಇನ್ನೂ ಬೈಯುತ್ತೇವೆ. ಎಲ್ಲಿಗೂ ಹೋಗುವಂತಿರಲಿಲ್ಲ. ಆ ಹಳೆಯ ಪ್ಯಾಕೇಜನ್ನು ತೆರೆದು ನೋಡಿದೆ. ದೋಷ ಹಾಗೇ ಇತ್ತು, ನನ್ನ ಒರಟು ಸಾಲುಗಳೂ ಹಾಗೇ ಇದ್ದವು. ಅಂದು ತೇಪೆ ಹಾಕಿದ್ದ ಏಳು ಸಾಲುಗಳನ್ನು ಸರಿಮಾಡಿ, ಪರೀಕ್ಷಿಸಿ, ಹಿಂದಿನ ಮಾತಿಗೆ ಕ್ಷಮೆ ಕೇಳಿ ಅವನಿಗೆ ಕಳಿಸಿದೆ. ಅವನ ಮಗುವಿಗೆ ಈಗ ಓಡಾಡುವ ವಯಸ್ಸಾಗಿರಬೇಕು. ಇನ್ನೂ ಉತ್ತರ ಬಂದಿಲ್ಲ.